ಜೊಂಡಿನೊಳಗಿನ ಗೂಡು

ರಿಂಗ್ ರೋಡು ಇನ್ನೂ ಹೊಸದಾಗಿದ್ದ ವರ್ಷ, ಕಲ್ಯಾಣ ನಗರದಾಚೆಯ ಕೆರೆಯ ದಂಡೆಯಲ್ಲಿ ಉದ್ಯಾನ ಮಾಡುತ್ತಿದ್ದರು. ಜೊಂಡು ಕೊಯ್ದು ಹೂಗಿಡ ನೆಡುವುದು ಯಾದಗಿರಿ ಕಡೆಯ ಜಟ್ಟೆಮ್ಮನ ಕೆಲಸ. ಅಂದು ಕುಡುಗೋಲು ಹಿಡಿದು ಬಾಗಿದವಳು ಹಾಗೆಯೇ ನಿಂತುಬಿಟ್ಟಳು. ಜೊಂಡಿನ ನಡುವೆ ನೀರುಕೋಳಿಯೊಂದು ಮೊಟ್ಟೆಗಳ ಮೇಲೆ ಕೂತಿತ್ತು. ಅವಳನ್ನು ಕಂಡರೂ ಏಳಲಿಲ್ಲ.

“ಯಾಕಮ್ಮ, ನಿಲ್ಲಿಸ್ಬಿಟ್ರಿ?” ಎನ್ನುತ್ತ ಮೇಸ್ತ್ರಿ ನಜೀರ್ ಬಂದ.

“ತಾಯಿ ಕಾವಿಗೆ ಕುಂತದ್ರೀ ಸಾಹೇಬ್ರ. ಹ್ಯಾಂಗ ಕೊಯ್ಲಿ?”

ನಜೀರ್ ಬಗ್ಗಿ ನೋಡಿದ. ಅವನ ದನಿ ತಾನಾಗಿ ತಗ್ಗಿತು. “ಬೇಡ ಬಿಡಿ. ಇಂಜಿನಿಯರ್‌ಗೆ ನಾನು ಹೇಳ್ತೀನಿ.”

ಇಂಜಿನಿಯರು ಮೊದಲು ಗೊಣಗಿದರು. ಗೂಡು ನೋಡಿದ ಮೇಲೆ ಜೊಂಡನ್ನು ಹಾಗೆಯೇ ಬಿಟ್ಟು, ಹೂಗಿಡಗಳನ್ನು ಆಚೆ ಬದಿಗೆ ಹಾಕಿಸಿದರು. ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಕಪ್ಪು ಮರಿಗಳು ತಾಯಿಯ ಹಿಂದೆ ನೀರಿಗಿಳಿದವು.

“ಸಾಹೇಬ್ರ, ಬರ್ರಿ! ಆರು ಅದಾವ!” ಎಂದು ಜಟ್ಟೆಮ್ಮ ಕೂಗಿದಾಗ, ನಜೀರ್ ಟೀ ಗ್ಲಾಸು ಹಿಡಿದುಕೊಂಡೇ ಓಡಿಬಂದ.