ನಾಲ್ಕನೆಯ ಗೆರೆ

ಅವರು ಒಂದು ಕೋಣೆಯನ್ನು ಮೂಲೆಯಿಂದ ಮೂಲೆಗೆ ಅಡ್ಡಹಾಯ್ದು ದಾಟಿದ್ದನ್ನು ನಾನಂತೂ ಕಂಡಿಲ್ಲ. ಅವರೊಡನೆ ಅಷ್ಟು ವರ್ಷ ಸಂಸಾರ ಮಾಡಿದ ಅವರ ಹೆಂಡತಿಯೂ ಕಂಡಿಲ್ಲವಂತೆ. ಬಾಗಿಲಿನಿಂದ ಒಳಗೆ ಬಂದವರು ಗೋಡೆಗುಂಟ ನಡೆದು, ಮೂಲೆಯಲ್ಲಿ ಕ್ಷಣಕಾಲ ನಿಂತು, ತೊಂಬತ್ತು ಡಿಗ್ರಿ ತಿರುಗಿ, ಮತ್ತೆ ಗೋಡೆಗುಂಟ ನಡೆದು ತಮ್ಮ ಮೇಜನ್ನು ಸೇರುತ್ತಿದ್ದರು. ಅಡ್ಡದಾರಿ ಯಾವಾಗಲೂ ಹತ್ತಿರದ್ದೆಂಬ ರೇಖಾಗಣಿತದ ಮೊದಲ ಪಾಠವನ್ನು ನಾನೊಮ್ಮೆ ವಿನಯದಿಂದ ನೆನಪಿಸಿದೆ. "ಹತ್ತಿರ ಇರಬಹುದು ಸ್ವಾಮಿ, ಆದ್ರೆ ಅಂಚಿಗೆ ಸಮ ಇಲ್ವಲ್ಲ" ಎಂದು ನನ್ನನ್ನೇ ಕನಿಕರದಿಂದ ನೋಡಿದರು.

ಅದು ಸಾಹಸವೀರರ ಚಿತ್ರಕಥೆಗಳನ್ನು ಪ್ರಕಟಿಸುವ ಒಂದು ವಾರಪತ್ರಿಕೆಯ ಕಚೇರಿ. ಅದರ ಕೊನೆಯ ಪುಟದಲ್ಲಿ, ಹಿಂದಿನ ಪುಟಗಳಲ್ಲೆಲ್ಲ ಭಂಗಗೊಂಡ ಭೌತನಿಯಮಗಳಿಗೆ ಪ್ರಾಯಶ್ಚಿತ್ತವೆಂಬಂತೆ, ನನ್ನದೊಂದು ವಿಜ್ಞಾನದ ಅಂಕಣವಿತ್ತು. ಅಲ್ಲಿ ಅವರ ಕೆಲಸ ಗೆರೆ ಎಳೆಯುವುದು. ಚಿತ್ರ ಬರೆಯುವವರು ಬೇರೆ, ಮಾತಿನ ಗುಳ್ಳೆಗಳಲ್ಲಿ ಅಕ್ಷರ ತುಂಬುವವರು ಬೇರೆ. ಚಿತ್ರಗಳನ್ನು ಸುತ್ತುವರಿಯುವ ಚೌಕಗಳಷ್ಟೇ ಇವರವು. ಪುಟಕ್ಕೆ ಆರು ಚೌಕ, ಚೌಕ ಚೌಕಗಳ ನಡುವೆ ಆರು ಮಿಲಿಮೀಟರಿನ ಬಿಳಿಯ ಜಾಗ. ಆ ಬಿಳಿಯ ಜಾಗವನ್ನು ಕಚೇರಿಯಲ್ಲಿ ಓಣಿ ಎನ್ನುತ್ತಿದ್ದರು. ಮೂವತ್ತೊಂದು ವರ್ಷಗಳಲ್ಲಿ ಆ ಓಣಿ ಒಂದು ಕೂದಲೆಳೆಯಷ್ಟೂ ಹಿಗ್ಗಿರಲಿಲ್ಲ, ಕುಗ್ಗಿರಲಿಲ್ಲ. ಮೊದಲ ಪುಟದ ಕೆಳಗೆ ಕಥೆ ಯಾರದು, ಚಿತ್ರ ಯಾರದು, ಅಕ್ಷರ ಯಾರದು ಎಂದು ಸಾರುವ ಪುಟ್ಟ ಚೌಕವೊಂದಿರುತ್ತಿತ್ತು. ಅದನ್ನೂ ಪ್ರತಿ ವಾರ ಇವರೇ ಎಳೆಯುತ್ತಿದ್ದರು. ಅದರೊಳಗೆ ಇವರ ಹೆಸರು ಇರುತ್ತಿರಲಿಲ್ಲ. ಅದನ್ನು ಅವರು ಗಮನಿಸಿದ್ದರೋ ಇಲ್ಲವೋ ಬಹುಕಾಲ ನನಗೆ ತಿಳಿಯಲಿಲ್ಲ. ಎಲ್ಲರ ಬಾಯಲ್ಲೂ ಅವರು ಸ್ಕೇಲಪ್ಪನವರು.

ಹೆಸರಿಗೆ ಕಾರಣ ಅವರ ಕೋಟು. ಕಂದುಬಣ್ಣದ ಆ ಉದ್ದ ಕೋಟಿನ ಒಳಮೈಯಲ್ಲಿ, ಬೆನ್ನಿಗೆ ನೇರವಾಗಿ, ಹೆಂಡತಿ ಹೊಲಿದುಕೊಟ್ಟ ಜೇಬೊಂದಿತ್ತು; ಜೇಬಿನಲ್ಲಿ ಎರಡಡಿಯ ಉಕ್ಕಿನ ಸ್ಕೇಲು. ಹೀಗಾಗಿ ಅವರು ಬಾಗುವಂತಿರಲಿಲ್ಲ. ನೆಲಕ್ಕೆ ಬಿದ್ದ ಪೆನ್ನನ್ನು ಎತ್ತಿಕೊಳ್ಳಬೇಕಾದರೆ ಲಿಫ್ಟಿನಂತೆ ನೆಟ್ಟಗೆ ಕೆಳಗಿಳಿದು ನೆಟ್ಟಗೆ ಮೇಲೇರುತ್ತಿದ್ದರು. ಮಾತಿನಲ್ಲೂ ಅದೇ ಶಿಸ್ತು. ಬಲಗೈಯ ತೋರುಬೆರಳಿನಿಂದ ಗಾಳಿಯಲ್ಲಿ ಚೌಕವೊಂದನ್ನು ಎಳೆಯುತ್ತಲೇ ಮಾತಾಡುವರು: ಮೇಲಿನ ಗೆರೆಗೆ ವಿಷಯಪ್ರವೇಶ, ಬಲಗಡೆಯದಕ್ಕೆ ವಾದ, ಕೆಳಗಿನದಕ್ಕೆ ತೀರ್ಮಾನ, ನಾಲ್ಕನೆಯದು ಮೇಲೇರಿ ಮೊದಲನೆಯದನ್ನು ಮುಟ್ಟಿದೊಡನೆ "ಮುಚ್ತು" ಎನ್ನುವರು. ಆಮೇಲೆ ಆ ವಿಷಯವಾಗಿ ದೇವರೇ ಬಂದು ಕೇಳಿದರೂ ಉತ್ತರವಿಲ್ಲ. "ಮೂರನೇ ಗೆರೆ ಮುಗಿಯೋದ್ರೊಳಗೆ ಬೆರಳು ಹಿಡ್ಕೊಂಡುಬಿಡ್ಬೇಕು" ಎಂದು ಅವರ ಹೆಂಡತಿ ನನಗೆ ಗುಟ್ಟು ಹೇಳಿಕೊಟ್ಟಿದ್ದರು. "ಮದುವೆಯಾದ ಹೊಸದ್ರಲ್ಲಿ ಗೊತ್ತಾಗ್ಲಿಲ್ಲ. ಎರಡು ವರ್ಷ ಬರೀ ಸೋತೆ."

ಅವರ ಚೌಕಗಳೊಳಗೆ ವಾಸವಾಗಿದ್ದವನು ವಜ್ರಭುಜ. ಪತ್ರಿಕೆಯ ಪ್ರಧಾನ ವೀರ, ಗುರುತ್ವಾಕರ್ಷಣೆಯನ್ನು ವಾರಕ್ಕೊಮ್ಮೆ ತಪ್ಪದೆ ಅವಮಾನಿಸುವವನು. ಇಷ್ಟು ವರ್ಷಗಳಲ್ಲಿ ಅವನು ಬೆಟ್ಟಗಳನ್ನು ಕಿತ್ತಿದ್ದ, ಉಪಗ್ರಹಗಳನ್ನು ಒದ್ದಿದ್ದ. ಆದರೆ ಅವನ ಮೇಲುಹೊದಿಕೆಯ ತುದಿಯೂ ಎಂದೂ ಚೌಕದ ಹೊರಗೆ ಇಣುಕಿರಲಿಲ್ಲ. ಓದುಗರಿಗೆ ಅವನು ಸಾಕಾಗಿದ್ದ. ಆಗ ಬಂದವಳು ಹೊಸ ಕಥೆಗಾರ್ತಿ, ಮೂವತ್ತರೊಳಗಿನ ಚುರುಕು ಹೆಂಗಸು. ಅವಳ ಕಥೆಯಲ್ಲಿ ವಜ್ರಭುಜನಿಗೆ ಒಂದು ದಿನ ತನ್ನ ತಲೆಯ ಮೇಲಿನ ಗುಳ್ಳೆ ಕಾಣುತ್ತದೆ. ಅದರಲ್ಲಿರುವುದನ್ನು ಓದಿದರೆ ತಾನು ಆಗ ತಾನೇ ಆಡಿದ ಮಾತು. ತಾನಿರುವುದು ಚಿತ್ರಕಥೆಯೊಂದರೊಳಗೆ, ತನ್ನ ಶೌರ್ಯವೆಲ್ಲ ಯಾರೋ ಬರೆದದ್ದು ಎಂದು ಅವನಿಗೆ ಹೊಳೆಯುತ್ತದೆ. ಸಿಟ್ಟಿನಿಂದ ಚೌಕದ ಗೆರೆಗೇ ಗುದ್ದುತ್ತಾನೆ. ಗೆರೆ ನುಚ್ಚುನೂರಾಗುತ್ತದೆ, ವೀರ ಓಣಿಗೆ ಹಾರಿ, ಓದುಗರತ್ತ ತಿರುಗಿ, "ಕೊನೆಗೂ ನಾನು ಸ್ವತಂತ್ರ!" ಎನ್ನುತ್ತಾನೆ.

ಸಂಪಾದಕರು ಕುಣಿದಾಡಿದರು. ಕಥೆ ಸ್ಕೇಲಪ್ಪನವರ ಮೇಜಿಗೆ ಬಂತು, ಅಲ್ಲೇ ನಿಂತಿತು.

ಆ ಕಚೇರಿಯ ಪದ್ಧತಿಯಲ್ಲಿ ಖಾಲಿ ಹಾಳೆಯ ಮೇಲೆ ಮೊದಲು ಬೀಳುವುದು ಚೌಕ. ಅದಾದ ಮೇಲೆ ಹಾಳೆ ಚಿತ್ರಕಾರನಿಗೆ, ಅವನಿಂದ ಅಕ್ಷರದವನಿಗೆ. ಒಮ್ಮೆ ಬಿಟ್ಟುಹೋದ ಹಾಳೆ ಸ್ಕೇಲಪ್ಪನವರ ಮೇಜಿಗೆ ಮರಳಿದ ದಾಖಲೆಯಿಲ್ಲ. ಅವರ ಆಕ್ಷೇಪಣೆ ಹುಟ್ಟಿದ್ದೇ ಅಲ್ಲಿ.

"ಅಲ್ಲ ತಾಯೀ, ಹೊಡೆಯೋನು ಇನ್ನೂ ಹುಟ್ಟೇ ಇಲ್ಲ. ಅವನು ಬಂದು ಹೊಡೀತಾನೆ ಅಂತ ನಾನು ಈಗ್ಲೇ ಗೋಡೆ ಒಡೆದಿಟ್ಕೊಂಡು ಕಾಯ್ಬೇಕಾ?"

"ಸರ್, ಕಥೇಲಿ ಒಡೀತಾನೆ ಅಂತ ಬರೆದಿದೆಯಲ್ಲ!"

"ಬರೆದದ್ದು ನೀವು. ಒಡೆಯೋದು ಅವನು. ಎಳೆಯೋದು ನಾನು. ಮೂರೂ ಬೇರೆ ಬೇರೆ." ಬೆರಳು ಮೂರು ಗೆರೆ ಎಳೆದಾಗಿತ್ತು. ಕಥೆಗಾರ್ತಿಗೆ ಗುಟ್ಟು ಗೊತ್ತಿರಲಿಲ್ಲ. "ಮುಚ್ತು."

ಕಚೇರಿಯೆಲ್ಲ ಇದನ್ನು ಮುದುಕನ ಹಠವೆಂದು ನಕ್ಕಿತು. ನಾನೂ ನಕ್ಕೆ, ಆದರೆ ಮನೆಗೆ ಹೋಗುವ ದಾರಿಯಲ್ಲಿ ನಗು ನಿಂತಿತು. ಕಾರಣಕ್ಕಿಂತ ಮೊದಲು ಪರಿಣಾಮವನ್ನು ಕೇಳಬೇಡಿ ಎಂಬುದಕ್ಕಿಂತ ಹೆಚ್ಚಿನದೇನನ್ನೂ ಅವರು ಹೇಳಿರಲಿಲ್ಲ. ಕೊನೆಯ ಪುಟದಲ್ಲಿ ನಾನು ಎಷ್ಟೋ ವರ್ಷಗಳಿಂದ ಸಾವಿರ ಪದಗಳಲ್ಲಿ ಹೇಳುತ್ತಿದ್ದದ್ದೂ ಅದೇ.

ಮಾರನೆಯ ದಿನ ಅವರು ಚಹಾದ ಲೋಟ ಹಿಡಿದು ಗೋಡೆಗುಂಟ ನನ್ನ ಬಳಿ ಬಂದರು. "ನೀವು ಓದ್ದೋರು. ಹೇಳಿ, ಗೆರೆ ಒಡೆದ್ರೆ ಒಳಗೇನಿರುತ್ತೆ?"

ರೇಖೆಗೆ ಉದ್ದವುಂಟು, ದಪ್ಪವಿಲ್ಲ, ಆದ್ದರಿಂದ ಒಳಗೆಂಬುದೂ ಇಲ್ಲ ಎಂದು ನಾನು ಶಾಸ್ತ್ರೋಕ್ತವಾಗಿ ವಿವರಿಸಿದೆ.

"ನಿಮ್ಮ ಗೆರೆಗೆ ಇಲ್ದೇ ಇರಬಹುದು. ನನ್ನದಕ್ಕೆ ಒಂದು ಮಿಲಿಮೀಟರ್ ಇದೆ" ಎಂದು ಹೊರಟುಹೋದರು.

ಸಂಪಾದಕರು ಕೊನೆಯ ಮಾತು ಹೇಳಿದರು: ಗುರುವಾರ ಪುಟಗಳು ಮುದ್ರಣಕ್ಕೆ ಹೋಗಬೇಕು, ಒಡೆದ ಗೆರೆ ಬಾರದಿದ್ದರೆ ಶುಕ್ರವಾರದಿಂದ ಆ ಮೇಜಿನ ಮೇಲೆ ಕಂಪ್ಯೂಟರ್. ಚೌಕ ಎಳೆಯುವುದಕ್ಕೆ ಮನುಷ್ಯನೇ ಬೇಕೆಂದು ಯಾರೂ ಹೇಳಿಲ್ಲ. ಸ್ಕೇಲಪ್ಪನವರು ಇದನ್ನು ನಿಂತೇ ಕೇಳಿಸಿಕೊಂಡರು. ಮುಖ ಬಣ್ಣಗೆಟ್ಟರೂ ಬೆನ್ನು ಮಾತ್ರ ನೆಟ್ಟಗಿತ್ತು, ಅದಕ್ಕೆ ಉಕ್ಕಿನ ಆಸರೆಯಿತ್ತಷ್ಟೆ. ಆಮೇಲೆ ಒಂದು ರಾಜಿ ಸೂಚಿಸಿದರು. "ಮೊದಲು ಅವನು ಹೊಡೀಲಿ. ಹಾಳೆ ನನಗೆ ವಾಪಸ್ ಬರಲಿ. ಏಟು ನೋಡ್ತೀನಿ. ಒಡೆಯೋ ಹಾಗಿದ್ರೆ ನಾನೇ ಒಡೀತೀನಿ."

ಹೀಗೆ ಆ ಕಚೇರಿಯಲ್ಲಿ ಮೊದಲ ಬಾರಿಗೆ ಹಾಳೆಯೊಂದು ಹಿಂದಕ್ಕೆ ನಡೆಯಿತು. ಇಡಿಯಾದ ಚೌಕದೊಳಗೆ ಚಿತ್ರಕಾರ ವಜ್ರಭುಜನನ್ನು ನಿಲ್ಲಿಸಿ, ಮುಷ್ಟಿ ಗೆರೆಗೆ ತಾಗಿದ ಕ್ಷಣವನ್ನು ಬರೆದ. ಬುಧವಾರ ಇಡೀ ದಿನ ಸ್ಕೇಲಪ್ಪನವರು ಭೂತಗನ್ನಡಿ ಹಿಡಿದು ಆ ಮುಷ್ಟಿಯನ್ನು ನೋಡಿದರು. ಎದ್ದು ನಿಂತು, ತಮ್ಮ ಕೈಯನ್ನೇ ಮುಷ್ಟಿ ಕಟ್ಟಿ, ಬೀರುವಿನ ಬಾಗಿಲಿಗೆ ಮೆಲ್ಲನೆ ಒತ್ತಿ ಪರೀಕ್ಷಿಸಿದರು. ನನ್ನನ್ನು ಕರೆದು, ಇಷ್ಟು ದಪ್ಪ ತೋಳಿನ ಆಳು ಎಷ್ಟು ತೂಕವಿರಬಹುದು ಎಂದು ಕೇಳಿ ಬರೆದುಕೊಂಡರು. ಗುರುವಾರ ಬೆಳಿಗ್ಗೆ ತೀರ್ಪು ಹೊರಬಿತ್ತು.

"ಮಣಿಕಟ್ಟು ಒಳಗೆ ಬಾಗಿದೆ. ಹೀಗೆ ಹೊಡೆದ್ರೆ ಗೆರೆ ಒಡೆಯಲ್ಲ. ಕೈ ಉಳುಕುತ್ತೆ."

ಹಾಳೆಯನ್ನು ಮುಂದಿಟ್ಟರು. ಮುಷ್ಟಿ ತಾಗಿದ ಕಡೆ ಹಳೆಯ ಗೆರೆಯ ಮೇಲೆ ಬಿಳಿ ಬಳಿದು ಹೊಸದನ್ನು ಎಳೆದಿದ್ದರು. ಅದು ಅರ್ಧ ಮಿಲಿಮೀಟರ್ ಹೊರಗೆ ಉಬ್ಬಿತ್ತು. ಆರರ ಓಣಿ ಅಲ್ಲೊಂದು ಕಡೆ ಐದೂವರೆ. ಅವರ ಲೆಕ್ಕದಲ್ಲಿ ಅದು ಭೂಕಂಪ. ಉಳಿದವರ ಕಣ್ಣಿಗೆ, ಬೆವರಿಳಿಸುತ್ತ ಮೈ ಉಬ್ಬಿಸಿದ ಮಹಾವೀರನೊಬ್ಬ ಒಂದು ಗೆರೆಯನ್ನು ಗುದ್ದಿ ಏನೂ ಮಾಡಲಾಗದೆ ನಿಂತಿದ್ದ.

ಸಂಪಾದಕರು ಅರಚಿದರು. ಮುದ್ರಣಾಲಯದವರು ಬಾಗಿಲಲ್ಲಿ ನಿಂತಿದ್ದರು. ಕಥೆಗಾರ್ತಿ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಅವಳ ಭುಜ ಅಲುಗಿದ್ದನ್ನು ಕಂಡು ನಾನು ಅಳುತ್ತಿದ್ದಾಳೆಂದುಕೊಂಡೆ. ಅವಳು ನಗುತ್ತಿದ್ದಳು. ಚಿತ್ರಕಾರನಿಂದ ವೀರನ ಬಾಯನ್ನು ಸ್ವಲ್ಪ ಸೊಟ್ಟ ಮಾಡಿಸಿ, ಗುಳ್ಳೆಯಲ್ಲಿ ಇರಬೇಕಾಗಿದ್ದ ಸ್ವಾತಂತ್ರ್ಯದ ಉದ್ಘೋಷವನ್ನು ಅಳಿಸಿ, ಬೇರೆ ಮಾತು ಬರೆಸಿದಳು: "ಅಯ್ಯಪ್ಪಾ! ಯಾರು ಈ ಗೆರೆ ಎಳೆದವರು?"

ಸಂಚಿಕೆ ಹಾಗೆಯೇ ಅಚ್ಚಾಯಿತು. ಶುಕ್ರವಾರ ಕಂಪ್ಯೂಟರ್ ಬಂತು. ಸ್ಕೇಲಪ್ಪನವರು ಇಂಕಿನ ಸೀಸೆಗಳ ಮುಚ್ಚಳ ಬಿಗಿಮಾಡಿ, ಗೋಡೆಗುಂಟ ನಡೆದು, ಮೂಲೆಯಲ್ಲಿ ತಿರುಗಿ, ಹೊರಟುಹೋದರು.

ಮೂರನೆಯ ವಾರ ಅವರ ಹೆಂಡತಿ ಕಚೇರಿಗೆ ಬಂದು ಸಂಪಾದಕರ ಎದುರು ಕುಳಿತರು. "ಅವರನ್ನ ದಯವಿಟ್ಟು ವಾಪಸ್ ಕರ್ಕೊಳ್ಳಿ. ಮೊದಲ ವಾರ ಗೋಡೆ ಮೇಲಿನ ಪಟಗಳನ್ನೆಲ್ಲ ನೆಟ್ಟಗೆ ಮಾಡಿದ್ರು. ಎರಡನೇ ವಾರ, ಪಟ ಸರಿಯಾಗಿದೆ, ಗೋಡೆನೇ ವಾಲಿದೆ ಅಂದ್ರು. ಮೊನ್ನೆಯಿಂದ ಮೇಲಿನ ಮನೆಯವ್ರನ್ನ ಕರೆದು ತೋರಿಸ್ತಿದ್ದಾರೆ, ಕಟ್ಟಡನೇ ಎರಡು ಡಿಗ್ರಿ ಹೋಗಿದೆಯಂತೆ."

"ಹೋಗಿದೆಯಾ ಅಮ್ಮಾ?" ಎಂದು ಸಂಪಾದಕರು ಗಾಬರಿಯಾದರು.

"ಹೋಗಿದೆ. ಅದೇ ತೊಂದರೆ. ಅವ್ರು ಹೇಳೋದು ಯಾವಾಗ್ಲೂ ಸರಿಯಾಗೇ ಇರುತ್ತೆ." ಅವರು ದನಿ ತಗ್ಗಿಸಿ, "ಬೆರಳಲ್ಲಿ ಚೌಕ ಎಳೆಯೋದು ಬಿಟ್ಟುಬಿಟ್ಟಿದ್ದಾರೆ. ಕೈ ಮಡಿಲಲ್ಲೇ ಇರುತ್ತೆ. ನನಗೆ ಹಿಡ್ಕೊಳ್ಳೋಕೆ ಬೆರಳೇ ಇಲ್ಲ" ಎಂದರು.

ಅಷ್ಟರಲ್ಲಿ ಓದುಗರ ಪತ್ರಗಳು ಬರತೊಡಗಿದ್ದವು. ಯಾರೂ ವಜ್ರಭುಜನ ಆರೋಗ್ಯ ವಿಚಾರಿಸಿರಲಿಲ್ಲ. ಎಲ್ಲರಿಗೂ ಬೇಕಾಗಿದ್ದದ್ದು ಆ ಗೆರೆ. ಬೆಟ್ಟ ಕಿತ್ತವನ ಕೈಯನ್ನೇ ಉಳುಕಿಸಿದ ಗೆರೆ ಎಳೆದವರು ಯಾರು, ಅವರಿಗೆ ಅಷ್ಟು ಶಕ್ತಿ ಎಲ್ಲಿಂದ ಬಂತು, ಅವರಿಗೂ ಮೇಲುಹೊದಿಕೆ ಇದೆಯೇ ಎಂಬ ಪ್ರಶ್ನೆಗಳು. ಇತ್ತ ಕಂಪ್ಯೂಟರಿನ ಚೌಕಗಳು ನಿರ್ದುಷ್ಟವಾಗಿದ್ದವು, ಆದರೆ ಚಿತ್ರಕಾರ ಸಂಪಾದಕರಲ್ಲಿ ದೂರು ಹೇಳಿದ: "ಈ ಗೆರೆ ಏಟು ತಿನ್ನೋ ಹಾಗೆ ಕಾಣಲ್ಲ ಸಾರ್. ಹೊಡೆಯೋಕೆ ಮನಸ್ಸೇ ಬರಲ್ಲ." ಸಂಪಾದಕರು ಆ ಯಂತ್ರವನ್ನು ತಮ್ಮ ಕೋಣೆಗೆ ಒಯ್ಯಿಸಿಕೊಂಡರು. ಮೇಜು ಖಾಲಿಯಾಯಿತು.

ಸ್ಕೇಲಪ್ಪನವರು ಮರಳಿದ ದಿನ ಕಥೆಗಾರ್ತಿ ಮುಂದಿನ ಕಥೆಯನ್ನು ತಾನೇ ಅವರ ಮೇಜಿಗೆ ತಂದಳು. ಅದರಲ್ಲಿ ವಜ್ರಭುಜ ಉಳುಕಿದ ಕೈಗೆ ಪಟ್ಟಿ ಕಟ್ಟಿಕೊಂಡು ಗೆರೆ ಎಳೆದವರನ್ನು ಹುಡುಕುತ್ತಾನೆ. ಕೊನೆಯ ಚೌಕದ ಮೇಲಂಚಿನಿಂದ ಕಂದು ಕೋಟಿನ ಕೈಯೊಂದು ಉಕ್ಕಿನ ಸ್ಕೇಲು ಹಿಡಿದು ಇಳಿದುಬರುತ್ತದೆ. ತಮ್ಮ ಕೋಟಿನ ತೋಳಿನ ತುದಿಯಲ್ಲಿ ಎರಡು ಗುಂಡಿಗಳಿವೆ, ಚಿತ್ರದ ಕರಡಿನಲ್ಲಿ ಮೂರು ಹಾಕಿದ್ದಾರೆ ಎಂದಷ್ಟೇ ಅವರು ಆಕ್ಷೇಪಿಸಿದರು.

"ಇನ್ನೊಂದು ವಿಷ್ಯ ಸರ್. ಹೆಸರುಗಳ ಚೌಕದಲ್ಲಿ ಈ ಸಲ ನಿಮ್ಮ ಹೆಸರೂ ಹಾಕೋಣ."

ತೋರುಬೆರಳು ಮೆಲ್ಲನೆ ಮೇಲೆದ್ದಿತು. "ಹೆಸರು ಯಾತಕ್ಕೆ ತಾಯೀ" ಎಂದಿತು ಮೇಲಿನ ಗೆರೆ. "ಗೆರೆ ಇದೆಯಲ್ಲ" ಎಂದು ಬಲಕ್ಕೆ ಇಳಿಯಿತು. "ಅದೇ ಸಾಕು" ಎಂದು ಕೆಳಗೆ ಎಡಕ್ಕೆ ಸರಿಯಿತು. ನಾವೆಲ್ಲ ನಾಲ್ಕನೆಯದಕ್ಕೆ ಕಾದೆವು. ಬೆರಳು ಎಡಮೂಲೆಯಲ್ಲಿ ನಿಂತಿತು, ಅಲ್ಲೇ ನಿಂತಿತು. ಮೇಲೇರಲಿಲ್ಲ.

"ಅಕ್ಷರ ಎಷ್ಟು ಮಿಲಿಮೀಟರ್ ಬರುತ್ತೆ?" ಎಂದು ಕೇಳಿದರು. "ಚೌಕ ಅಷ್ಟು ದೊಡ್ಡದು ಮಾಡ್ಬೇಕಾಗುತ್ತಲ್ಲ, ಅದಕ್ಕೆ."

ವೀರರಲ್ಲಿ ನನಗೆ ನಂಬಿಕೆಯಿಲ್ಲ, ಅಳತೆಗಳಲ್ಲಿ ಉಂಟು. ಜ್ವರಮಾಪಕವನ್ನು ಕಣ್ಣೆದುರು ಹಿಡಿದಾಗ ನಾವು ಓದುವುದು ಪಾದರಸವನ್ನು. ಅದರ ಪಕ್ಕದ ಗೀಟುಗಳನ್ನು ಒಂದು ಮಧ್ಯಾಹ್ನ ಯಾರೋ ಉಸಿರು ಬಿಗಿಹಿಡಿದು ಕೊರೆದಿರಬೇಕೆಂದು ನೆನೆಯುವುದಿಲ್ಲ. ಕಥೆಯೊಂದು ತನ್ನನ್ನು ತಾನೇ ನೋಡಿಕೊಳ್ಳಲು ತಿರುಗಿದರೆ ಕಾಣುವುದು ಅದನ್ನು ಕಟ್ಟಿದವನ ಮುಖವೆಂದು ಪಂಡಿತರು ಹೇಳುತ್ತಾರೆ. ನಾನು ಕಂಡಂತೆ ಅದಕ್ಕೆ ಮೊದಲು ತಾಗುವುದು ಅಂಚು, ಅಂಚಿನ ಆಚೆಗೆ ಒಂದು ಕಂದು ಕೋಟು. ಲೋಕದ ಅಂಚುಗಳನ್ನು ಕಾಯುವ ಈ ಜಾತಿಯ ಜನರಿಗೆ ತಮ್ಮ ಗೆರೆ ಎಷ್ಟು ಗಟ್ಟಿಯೆಂದು ಮೊದಲಿನಿಂದಲೂ ಗೊತ್ತು. ನಮಗೆ ಅದು ಗೊತ್ತಾಗಬೇಕಾದರೆ ಯಾರಾದರೊಬ್ಬರು ಬಂದು ಅದನ್ನು ಗುದ್ದಿ, ಕೈ ಉಳುಕಿಸಿಕೊಂಡು, ನೋವಿನಲ್ಲಾದರೂ ಅವರ ಹೆಸರು ಕೇಳಬೇಕು.