ಹತ್ತೊಂಬತ್ತು ಚುರುಕು ಮಕ್ಕಳು

"ನಿನ್ ಮಗಳನ್ನೂ ಸೇರ್ಸಿ ಆ ಹನ್ನೊಂದು ದರಿದ್ರದವನ್ನ ಸೌದೆ ಕೋಣೆಗೆ ತುಂಬಿ ಚಿಲಕ ಹಾಕೇ, ಮುಂಡೇದೆ! ಸಾಹೇಬ್ರು ಬರೋ ಹೊತ್ತಾಯ್ತು," ಹೆಡ್‌ಮಾಸ್ತರರು ಗದರಿದರು.

"ಅವೇನ್ ಮಾಡಿದ್ವು ಸಾ?" ಶಾಲೆ ಗುಡಿಸುವ ಆಯಾ ಕೇಳಿದಳು.

"ಲೆಕ್ಕದಲ್ಲಿ ಸೊನ್ನೆ. ಕಲ್ಲುಕ್ವಾರಿ ಪೀಡೆಗಳು, ಇಡೀ ತರಗತಿಯ ಸರಾಸರಿ ಕೆಡಿಸ್ತವೆ."

ಸರಾಸರಿ ಎಂದರೇನೆಂದು ಆಯಾಗೆ ತಿಳಿಯದು. ಲೆಕ್ಕದ ಪಾಠ ಶುರುವಾದೊಡನೆ ಕ್ವಾರಿಯ ಮಕ್ಕಳನ್ನು ನೀರು ಹೊರಲು ಅಟ್ಟುತ್ತಿದ್ದುದು ಮಾತ್ರ ಗೊತ್ತಿತ್ತು. ಕೆಲಸ ಹೋದೀತೆಂದು ಮಕ್ಕಳನ್ನು ಕೋಣೆಗೆ ತುಂಬಿದಳು. ಚಿಲಕ ಎಳೆಯುವಾಗ ಒಳಗಿನಿಂದ ಮಗಳು, "ಅವ್ವಾ, ನಂಗೆ ಏಳರ ಮಗ್ಗಿ ಬರುತ್ತೆ," ಎಂದಳು.

ಗಣಿತ ಕಲಿಕೆ ಸುಧಾರಿಸುವ ಅಧಿಕಾರಿ ಬಂದರು. ಪ್ರಶ್ನೆ ಮುಗಿಯುವ ಮೊದಲೇ ತರಗತಿ ಒಕ್ಕೊರಲಿನಿಂದ ಉತ್ತರ ಒದರಿತು. ಅಧಿಕಾರಿಯ ಮುಖ ಅರಳಿತು. ಅಲ್ಲೇ ವರದಿ ಬರೆದರು.

"ಮೂರೇ ತಿಂಗಳಲ್ಲಿ ಇಷ್ಟು ಪ್ರಗತಿ! ಏನ್ರೀ ಗುಟ್ಟು?"

"ಒಂದೊಂದು ಮಗೂನೂ ಗಮನಿಸ್ತೀವಿ ಸಾರ್," ಹೆಡ್‌ಮಾಸ್ತರರು ಕೈ ಕೈ ಹೊಸೆದರು. "ಹತ್ತೊಂಬತ್ತು ಮಕ್ಳು. ಇರೋದೇ ಅಷ್ಟು, ಅಷ್ಟೂ ಚುರುಕು."

ಟೀ ತಂದಿದ್ದ ಆಯಾ ಅದನ್ನು ಕೇಳಿಸಿಕೊಂಡಳು. ತಾನು ಹೆತ್ತ ಮಗಳನ್ನು ಇಲ್ಲವೇ ಇಲ್ಲ ಎಂದುಬಿಟ್ಟರಲ್ಲ! ತಟ್ಟೆಯನ್ನು ವರದಿಯ ಮೇಲೆಯೇ ಕುಕ್ಕಿ, ನೆಟ್ಟಗೆ ಹೋಗಿ ಚಿಲಕ ತೆಗೆದಳು.

ತಲೆತುಂಬ ಜೇಡರಬಲೆ ಹೊತ್ತು ಹನ್ನೊಂದು ಮಕ್ಕಳು ತರಗತಿಗೆ ಬಂದವು.

"ಇವ್ಯಾರ್ರೀ?" ಅಧಿಕಾರಿ ಕೇಳಿದರು.

"ಹೊರಗಿನವು ಸಾರ್, ಸುಮ್ನೆ ನುಗ್ಗಿ..."

"ಬಾಯ್ಮುಚ್ಚೋ ಬೋಳೀಮಗ್ನೆ!" ಆಯಾ ಹೆಡ್‌ಮಾಸ್ತರರ ಮೇಲೆ ಅಬ್ಬರಿಸಿದಳು. "ನೀರು ಹೊರೋಕೆ ಒಳಗಿನವು, ಪಾಠಕ್ಕೆ ಹೊರಗಿನವಾ?"



"ನಾಳೆಯಿಂದ ಕೆಲ್ಸಕ್ಕೆ ಬರ್ಬೇಡ!" ಹೆಡ್‌ಮಾಸ್ತರರು ಚೀರಿದರು.

"ಬರಲ್ಲ ಹೋಗು." ಆಯಾ ಬಾಗಿಲಿಗೆ ಎರಡೂ ಕೈ ಅಡ್ಡವಿಟ್ಟು ನಿಂತಳು. "ಸಾಹೇಬ್ರೇ, ಈಗ ಎಣ್ಸಿ."

ಅಧಿಕಾರಿ ಪೆನ್ನಿಗೆ ಕ್ಯಾಪು ಹಾಕಿದರು. "ನೋಡಮ್ಮಾ, ಸಹಿ ಆಗ್ಹೋಗಿದೆ."

"ಸಹಿ ಆದ್ರೆ ಮಕ್ಳು ಮಾಯ ಆಗ್ತಾವಾ? ಎಣ್ಸಿ ಅಂದೆ."

ಅಧಿಕಾರಿ ಅಲುಗಾಡಲಿಲ್ಲ. ಮುಂದಿನ ಬೆಂಚಿನಲ್ಲಿದ್ದ ಹೆಡ್‌ಮಾಸ್ತರರ ಮಗಳಿಗೆ, ಇದೂ ಪರೀಕ್ಷೆಯ ಪ್ರಶ್ನೆಯೇ ಅನಿಸಿತೇನೋ. ಎದ್ದು ನಿಂತು, ಬೆರಳು ತೋರಿಸುತ್ತ ಗಟ್ಟಿಯಾಗಿ ಎಣಿಸತೊಡಗಿದಳು. ಹತ್ತೊಂಬತ್ತಕ್ಕೆ ಬಂದಾಗ ಅಪ್ಪ ಕಣ್ಣು ಕೆಂಪಗೆ ಮಾಡಿದರು.

ಹುಡುಗಿ ಒಮ್ಮೆ ಅಪ್ಪನನ್ನು ನೋಡಿದಳು. ಬೆರಳನ್ನು ಆಯಾಳ ಮಗಳತ್ತ ತಿರುಗಿಸಿದಳು.

"ಇಪ್ಪತ್ತು," ಎಂದಳು.