ಕರೀತಾರೆ, ತಡಿ

ಆ ಮನೆಯವರಿಗೆ ಹೇಳಿದ ಬೆಲೆಗೆ ಕೊಂಡು ಗೊತ್ತಿರಲಿಲ್ಲ. ಹಳೆಯ ಮಂಚ, ಮೇಜು, ಬೀರು ಕೊಂಡು ಮಾರುವ ಅಂಗಡಿ ಅವರದು. ಬೆಲೆ ಕೇಳಿ, ಹುಬ್ಬು ಗಂಟಿಕ್ಕಿ, ‘ಬೇಡ ಬಿಡಿ’ ಎಂದು ಎದ್ದು ಹೊರಡುವುದು ಅವರ ಪಾಲಿನ ಕುಲವಿದ್ಯೆ. ಹೊಸ್ತಿಲು ದಾಟುವಾಗ ಹಿಂದಿರುಗಿ ನೋಡಬಾರದು, ನೋಡಿದವನು ಸೋತ. ಎದುರಿನವನು ಕರೆಯುವವರೆಗೂ ಕಾಯಬೇಕು. ಕರೆದ ಮೇಲೂ ಕಿವಿ ಕೇಳದವನ ಹಾಗೆ ಇನ್ನೊಂದು ಹೆಜ್ಜೆ ಹಾಕಬೇಕು. ಇದನ್ನೆಲ್ಲ ಮನೆಮಂದಿಗೆ ಕಲಿಸಿದವನು ಗುಬ್ಬಿಯ ದೊಡ್ಡಪ್ಪ. ಹೀಗೆ ಎದ್ದು ಹೊರಟು ಹೊರಟೇ ಅವನು ಅಂಗಡಿ ಮಾಡಿದ, ತಲೆಯ ಮೇಲೊಂದು ಸೂರು ಮಾಡಿಕೊಂಡ. ನಿನ್ನೆ ಸಂಜೆ ಆಸ್ಪತ್ರೆಯಲ್ಲಿ, ಯಾರ ಹತ್ತಿರವೂ ಚೌಕಾಸಿ ಮಾಡದೆ, ಹೊರಟೇಹೋದ.

ಗುಬ್ಬಿ ಎಂಬುದು ಅವಳಿಗೆ ಮನೆಯವರು ಇಟ್ಟ ಹೆಸರು. ತಂದೆ ತಾಯಿ ಇಲ್ಲದ ಅವಳನ್ನು ಸಾಕಿ ಓದಿಸಿದವರು ಮಕ್ಕಳಿಲ್ಲದ ದೊಡ್ಡಪ್ಪ ದೊಡ್ಡಮ್ಮ. ಡಿಗ್ರಿ ಮುಗಿಸಿದ್ದಳು, ಆದರೆ ಫೋನ್ ಬಂದರೆ ಎದೆ ಡವಗುಟ್ಟುವ ಪೈಕಿ. ಬೆಳಿಗ್ಗೆ ದೊಡ್ಡಮ್ಮ ಅವಳ ಮಣಿಕಟ್ಟು ಹಿಡಿದು ಕೂರಿಸಿಕೊಂಡಳು.

“ನಿನ್ನೆ ಆ ಶವಾಗಾರದಲ್ಲಿ ನೋಡಿದೆ ಕಣೇ. ಬೀರುವಿನ ಖಾನೆ ಎಳೆದು ಸಾಮಾನು ಇಟ್ಟ ಹಾಗೆ ಇಟ್ಟು, ಟಪ್ ಅಂತ ಮುಚ್ಚಿದ್ರು. ಇನ್ನೊಂದು ರಾತ್ರಿ ಅವರನ್ನ ಅಲ್ಲಿ ಇಡಬೇಡ್ರೇ. ಒಂದು ಗಳಿಗೆ ಮನೆ ಬಾಗಿಲಿಗೆ ತಂದು, ಇವತ್ತೇ ಕಳಿಸಿಕೊಟ್ಟುಬಿಡಿ. ಅಷ್ಟೇ ನಾನು ಕೇಳೋದು.”

ಗುಬ್ಬಿ “ಹೂಂ” ಎಂದಳು. ಮಾತೇ ಕಡಿಮೆ ಇರುವವರಿಗೆ ಒಂದು ಹೂಂ ಬಲು ಭಾರ.

ಆ ಭಾರ ಹೊತ್ತುಕೊಂಡು ಫೋನ್ ಹಿಡಿದಳು. ‘ಓದಿದೋಳು ನೀನೇ ವಿಚಾರಿಸು’ ಎಂದು, ದೊಡ್ಡಪ್ಪನ ಜೊತೆ ಅಂಗಡಿ ನೋಡಿಕೊಳ್ಳುತ್ತಿದ್ದ ಚಿಕ್ಕಪ್ಪ ಆಗಲೇ ಕೈ ತೊಳೆದುಕೊಂಡಿದ್ದ. ಅಂತ್ಯಕ್ರಿಯೆ ನಡೆಸಿಕೊಡುವ ಮೊದಲ ಕಂಪನಿಯಲ್ಲಿ ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಹೇಳಿ, ಯಾವುದನ್ನು ಒತ್ತಿದರೂ ಪಿಟೀಲು ಕೇಳಿಸಿದರು. ಎರಡನೆಯವನು ಹೆಸರು ಕೇಳುವ ಮುಂಚೆಯೇ ಪ್ಯಾಕೇಜ್ ಹೇಳಿದ.

“ಗೌರವ ಪ್ಯಾಕೇಜ್ ಇದೆ, ಮಹಾಗೌರವ ಇದೆ. ಯಾವುದು ಮೇಡಂ?”

“ಸಾಧಾರಣದ್ದು… ಏನಾದ್ರೂ?”

“ಇದೆ. ಆದ್ರೆ ಅದರಲ್ಲಿ ಗಾಡಿಗೆ ಎಸಿ ಬರಲ್ಲ, ಹೂವು ಬರಲ್ಲ, ಎತ್ತೋರು ಬರಲ್ಲ.”

ಮತ್ತೆ ಬರುವುದೇನು ಎಂದು ಗುಬ್ಬಿಗೆ ಕೇಳಬೇಕೆನಿಸಿತು. ಕೇಳಲಿಲ್ಲ. ಅವನು ಹೇಳಿದ ಬೆಲೆ ತೆರಲು ಅಂಗಡಿಯ ಅರ್ಧ ಸಾಮಾನು ಮಾರಬೇಕಿತ್ತು. ನಡುನಡುವೆ ಬೇರೆ ಊರಿನಿಂದ ಸೋದರತ್ತೆಯ ಫೋನು: “ತೀರಾ ಅಗ್ಗದ್ದು ಮಾಡಬೇಡ್ರಮ್ಮ, ಜನ ಆಡಿಕೋತಾರೆ. ಹಾಗಂತ ಜಾಸ್ತಿ ಬೇಡ, ಆಮೇಲೆ ನಮ್ಮನ್ನೇ ಕೇಳ್ತೀರ.” ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರೆ, ಇಲ್ಲಿ ಎರಡೂ ಒಬ್ಬಳೇ ಅತ್ತೆ.

ಕೊನೆಗೆ ಯಾರೋ ನಗರಸಭೆಯ ಚಿತಾಗಾರದ ಸುದ್ದಿ ಹೇಳಿದರು. ಫೋನಿನಲ್ಲಿ ಆಗುವುದಿಲ್ಲ, ಖುದ್ದು ಹೋಗಿ ಹಣ ಕಟ್ಟಿ ಹೊತ್ತು ಗೊತ್ತು ಮಾಡಿಕೊಳ್ಳಬೇಕು. ಗುಬ್ಬಿ ಚಿಕ್ಕಪ್ಪನ ಸ್ಕೂಟರ್ ಹಿಂದೆ ಕೂತಳು. ಅಂಗಡಿಯ ಹಣದ ಚೀಲ ಅವನ ಸೊಂಟದಲ್ಲಿತ್ತು. ಅದರ ಜಿಪ್ಪಿನ ಮೇಲೆ ಅವನ ಹೆಬ್ಬೆರಳು ಕಾವಲಿತ್ತು.

ಕಚೇರಿ ಎಂದರೆ ಒಂದೇ ಕೋಣೆ. ಗಾಜಿನ ಕಿಟಕಿಯಲ್ಲೊಂದು ಕೈ ಹಿಡಿಸುವಷ್ಟು ತೂತು, ಅದರಾಚೆ ನಡುವಯಸ್ಸಿನ ಗುಮಾಸ್ತೆ. ಗೋಡೆಗೆ ಬಣ್ಣದಲ್ಲಿ ಬರೆದ ದರಪಟ್ಟಿ. ಕಬ್ಬಿಣದ ಪಟ್ಟಿಗೆ ಬಿಗಿದ ಸಾಲು ಕುರ್ಚಿಗಳು. ಚಿಕ್ಕಪ್ಪ ಕೂರುವ ಮುಂಚೆ ಕುರ್ಚಿಯನ್ನು ಅಲ್ಲಾಡಿಸಿ ನೋಡಿ, “ಬೆಸುಗೆ ಬಿಟ್ಟಿದೆ” ಎಂದ, ಕೊಳ್ಳಲು ಬಂದವನಂತೆ.

“ಎರಡು ಗಂಟೆಗೆ ಖಾಲಿ ಇದೆ,” ಎಂದಳು ಗುಮಾಸ್ತೆ. “ವ್ಯಾನ್ ನಮ್ಮದೇ. ಆಸ್ಪತ್ರೆಯಿಂದ ಮನೆಗೆ ಹೋಗಿ, ಸ್ವಲ್ಪ ಹೊತ್ತು ನಿಲ್ಲಿಸಿ, ಆಮೇಲೆ ಇಲ್ಲಿಗೆ. ಎತ್ತೋರು ಸೇರಿ ಅಷ್ಟು.” ಪೆನ್ನಿನಿಂದ ಗೋಡೆ ತೋರಿಸಿದಳು.

ಗುಬ್ಬಿ ಗೋಡೆ ನೋಡಿದಳು. ಎಸಿ, ಹೂವುಗಳ ಕಂಪನಿಗಳು ಕೇಳಿದ್ದರ ಕಾಲುಭಾಗವೂ ಇರಲಿಲ್ಲ. ಮನೆ ಬಾಗಿಲಿಗೂ ಬರುತ್ತಾರೆ. ಇನ್ನೇನು ಬೇಕು?

ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡ.

“ಅದು ಗೋಡೆ ರೇಟು. ಕೊಡೋ ರೇಟು ಹೇಳಿ ಮೇಡಂ.”

“ಗೋಡೆದೇ ಕೊಡೋದು ಸಾರ್.”

“ಕೊನೇ ಮಾತು?”

“ಇಲ್ಲಿ ಎಲ್ಲಾ ಕೊನೇ ಮಾತೇ ಸಾರ್.”

“ಹಾಗಲ್ಲ, ನೋಡಿ. ನಮ್ಮಣ್ಣ ಕಡ್ಡಿ ಇದ್ದ ಹಾಗಿದ್ದ. ಎತ್ತೋರಿಗೆ ಏನೂ ಕಷ್ಟ ಇಲ್ಲ.”

“ಇಲ್ಲಿ ತೂಕದ ಲೆಕ್ಕ ಇಲ್ಲ ಸಾರ್. ತಲೆ ಲೆಕ್ಕ.”

“ಚಿಕ್ಕಪ್ಪಾ,” ಎಂದಳು ಗುಬ್ಬಿ, ಅವಳಿಗೇ ಕೇಳದಷ್ಟು ಮೆಲ್ಲಗೆ.

“ನೀ ಸುಮ್ನಿರು. ಮೇಡಂ, ನಾವೂ ವ್ಯಾಪಾರದೋರೇ. ಸ್ವಲ್ಪ ನೀವು ಇಳೀರಿ, ಸ್ವಲ್ಪ ನಾವು ಹತ್ತುತೀವಿ.”

“ನಾನು ಎಲ್ಲಿಗೆ ಇಳೀಲಿ ಸಾರ್? ಬೇಕಾ, ಬೇಡ್ವಾ?”

“ಬೇಡ ಬಿಡಿ,” ಎಂದು ಚಿಕ್ಕಪ್ಪ ಎದ್ದ. “ಏಳೇ.”

ಅವಳು ಎದ್ದಳು. ಆಮೇಲೆ ದಿನವಿಡೀ ಅವಳನ್ನು ಕೊರೆದದ್ದು ಇದೇ. ಕೂತಲ್ಲೇ ಕೂತಿರಬಹುದಿತ್ತು. ಆದರೆ ‘ಏಳೇ’ ಎಂದರೆ ಅಂಗಡಿ ಅಂಗಡಿಗಳಲ್ಲಿ ಎದ್ದು ರೂಢಿಯಾದ ಕಾಲು, ಯೋಚಿಸುವ ಮುಂಚೆಯೇ ಎದ್ದು ನಿಂತಿತು, ಹಿಂದಿರುಗಿ ನೋಡದೆ ಹೊಸ್ತಿಲು ದಾಟಿತು.

ಹೊರಗೆ ಸ್ಕೂಟರ್ ಪಕ್ಕ ನಿಂತು ಚಿಕ್ಕಪ್ಪ ಕನ್ನಡಿಯಲ್ಲಿ ಬಾಗಿಲು ಕಾಣುವ ಹಾಗೆ ಸರಿಮಾಡಿಕೊಂಡ.

“ಕರೀತಾಳೆ, ತಡಿ.”

“ಕರೆಯಲ್ಲ ಚಿಕ್ಕಪ್ಪ.”

“ನಿನಗೇನು ಗೊತ್ತು? ನಿಮ್ಮ ದೊಡ್ಡಪ್ಪ ಒಂದು ಊಟದ ಮೇಜಿಗೆ ಇಡೀ ಮಧ್ಯಾಹ್ನ ಬಿಸಿಲಲ್ಲಿ ನಿಂತಿದ್ದ. ಕೊನೆಗೆ ಅಂಗಡಿಯೋನೇ ಬಂದು ಕೈ ಹಿಡಿದು ಕರ್ಕೊಂಡು ಹೋದ.”

“ಅದು ಮೇಜು.”

“ವ್ಯಾಪಾರ ಎಲ್ಲಾ ಒಂದೇ.”

ಉರಿಯುವ ಮನೆಯಲ್ಲಿ ಗಳ ಹಿರಿಯುವವರನ್ನು ಗುಬ್ಬಿ ಗಾದೆಯಲ್ಲಿ ಮಾತ್ರ ಕೇಳಿದ್ದಳು. ಅವರು ನಿಂತಿದ್ದಂತೆಯೇ ಒಂದು ಕಾರು ಬಂತು. ಅಳುತ್ತಿದ್ದ ಇಬ್ಬರು, ಅಳದ ಒಬ್ಬರು ಇಳಿದು ಒಳಗೆ ಹೋದರು. ಬಂದಷ್ಟೇ ಬೇಗ ಚೀಟಿ ಹಿಡಿದು ಹೊರಬಂದರು. ಚಿಕ್ಕಪ್ಪನ ಮುಖ ನೋಡದೆ ಗುಬ್ಬಿ ಕಿಟಕಿಯವರೆಗೆ ಓಡಿ ಇಣುಕಿದಳು.

“ಎರಡು ಗಂಟೇದು ಹೋಯ್ತಮ್ಮ,” ಎಂದಳು ಗುಮಾಸ್ತೆ, ತಲೆಯೆತ್ತದೆ. “ಯಾರಾದ್ರೂ ಬಿಟ್ಟುಕೊಟ್ರೆ ಮಧ್ಯಾಹ್ನದ ಮೇಲೆ ಬಂದು ಕೇಳಿ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಚಿಕ್ಕಪ್ಪನಿಗೆ ಹೇಳಿದರೆ, “ಹೋಗ್ಲಿ ಬಿಡು, ಊರಲ್ಲಿ ಇವಳೊಬ್ಬಳೇನಾ?” ಎಂದು ಸ್ಕೂಟರ್ ಒದ್ದ. ಅದು ಕೂಡ ನಾಲ್ಕು ಸಲ ಒದೆಸಿಕೊಂಡೇ ಹೊರಟಿತು.

ಆಸ್ಪತ್ರೆಯ ಎದುರು ಗಲ್ಲಿಯಲ್ಲಿ ಹೆಣ ಸಾಗಿಸಿ ಸ್ಮಶಾನದ ಕೆಲಸವನ್ನೂ ಮುಗಿಸಿಕೊಡುವ ಗಾಡಿಯವರ ಸಾಲು. ಅವರಲ್ಲಿ ಕಪ್ಪು ಕನ್ನಡಕದವನೊಬ್ಬ ಚಿಕ್ಕಪ್ಪನ ಹೆಗಲ ಮೇಲೆ ಕೈಹಾಕಿ ವಿಷಯ ಕೇಳಿಕೊಂಡು, “ಅಣ್ಣ ಹೋದ್ರಾ? ಛೆ ಛೆ,” ಎಂದು ಮರುಗಿ, ಅದೇ ಉಸಿರಿನಲ್ಲಿ ಬೆಲೆ ಹೇಳಿದ. ಗಾಡಿಗೆ ಬೇರೆ, ಸ್ಟ್ರೆಚರಿಗೆ ಬೇರೆ, ಮೆಟ್ಟಿಲಿಗೆ ಬೇರೆ, ಕಾಯುವುದಕ್ಕೆ ಬೇರೆ.

“ಕಾಯೋದಕ್ಕಾ?” ಎಂದ ಚಿಕ್ಕಪ್ಪ. “ಬೆಳಗಿಂದ ನಾವೇ ಕಾಯ್ತಾ ಇದ್ದೀವಿ, ನಮಗೆ ಯಾರು ಕೊಡ್ತಾರೆ?”

ಮಾತು ಎಳೆದೂ ಎಳೆದೂ, ಕೊನೆಗೆ ಅಲ್ಲಿಯೂ ‘ಬೇಡ ಬಿಡಿ’. ಗಲ್ಲಿಯ ತುದಿಯವರೆಗೂ ನಡೆದರು. ಕನ್ನಡಕದವನು ಚಿಕ್ಕಪ್ಪನ ನಂಬರು ಮಾತ್ರ ಕೇಳಿ ಬರೆದುಕೊಂಡು, ಇನ್ನೊಬ್ಬರ ಹೆಗಲ ಮೇಲೆ ಕೈಹಾಕಿದ್ದ.

ಆಗ ದೊಡ್ಡಮ್ಮನ ಫೋನ್ ಬಂತು.

“ಹೊರಟ್ರೇನೇ? ನನ್ನ ಮಂಡಿಗೆ ಮೂರು ಮಹಡಿ ಇಳಿಯೋಕೆ ಹೊತ್ತು ಬೇಕು. ಹೊರಡೋ ಮುಂಚೆ ಹೇಳು, ಆಗ್ಲಿಂದಾನೇ ಇಳೀತಾ ಇರ್ತೀನಿ.”

“ಇನ್ನೂ… ಇಲ್ಲ ದೊಡ್ಡಮ್ಮ. ಇಲ್ಲೇ ಇದ್ದೀವಿ.”

“ಅವರ ಹತ್ರಾನಾ?”

ಅವರ ಹತ್ತಿರವೇ, ರಸ್ತೆಯ ಈಚೆ, ಗೋಡೆಯ ಈಚೆ. ಅವಳಿಗೆ ಒಮ್ಮೆ ಗಟ್ಟಿಯಾಗಿ ಕಿರುಚಬೇಕೆನಿಸಿತು. ಯಾರ ಮೇಲೆ ಎಂದು ತಿಳಿಯದೆ ಕೆನ್ನೆಯ ಒಳಭಾಗ ಕಚ್ಚಿಕೊಂಡಳು. ಫೋನ್ ಇಟ್ಟು, “ವಾಪಸ್ ಆಫೀಸಿಗೆ ಹೋಗೋಣ,” ಎಂದಳು.

ಚಿಕ್ಕಪ್ಪ ಗೊಣಗುತ್ತಲೇ ಬಂದ. ಬಂದವನು ಗೇಟಿನಲ್ಲೇ ನಿಂತ.

“ನಾ ಒಳಗೆ ಬರಲ್ಲ. ಎದ್ದು ಬಂದ ಕಡೆ ಮತ್ತೆ ಹೋದ್ರೆ ತಲೆ ಮೇಲೆ ಕೂರ್ತಾರೆ. ನೀ ಹೋಗು. ಬೆಳಗಿನ ರೇಟಿಗಿಂತ ಕಮ್ಮಿಗೆ ಕೇಳು.”

ಗುಬ್ಬಿ ಒಳಗೆ ಹೋದಳು. ಗುಮಾಸ್ತೆ ಊಟದ ಡಬ್ಬಿ ಮುಚ್ಚುತ್ತಿದ್ದಳು.

“ನೀವಾ? ಎದ್ದು ಹೋದೋರು.”

“ಹೌದು.” ತೂತಿನ ಹತ್ತಿರ ಬಾಯಿ ಇಟ್ಟು ಮಾತಾಡಬೇಕಿತ್ತು. ತನ್ನ ದನಿ ಗಾಜಿಗೆ ಬಡಿದು ವಾಪಸು ಬರುವುದು ಅವಳಿಗೆ ಮುಜುಗರವೆನಿಸಿತು. “ಇವತ್ತು… ಯಾವುದಾದ್ರೂ ಇದೆಯಾ?”

“ಐದು ಗಂಟೇದು ಒಂದಿದೆ, ಕೊನೇದು. ಆದ್ರೆ ಆ ಹೊತ್ತಿಗೆ ವ್ಯಾನ್ ಒಂದೇ ಇರೋದು. ಆಸ್ಪತ್ರೆಯಿಂದ ನೇರ ಇಲ್ಲಿಗೆ. ಮನೆಗೆ ಹೋಗಲ್ಲ.”

“ಮನೆ ಹತ್ರ ಒಂದೈದು ನಿಮಿಷ…”

“ಬೆಳಿಗ್ಗೆ ಆಗ್ತಿತ್ತಮ್ಮ.” ಬೈಗುಳದ ದನಿಯಲ್ಲ, ಬೈದಿದ್ದರೆ ವಾಸಿಯಿತ್ತು. “ಆಗಲೇ ಇನ್ನೊಬ್ಬರು ಫೋನ್ ಮಾಡಿದ್ರು. ಹಣ ಕಟ್ಟಿದೋರಿಗೆ ಚೀಟಿ.”

“ಕಟ್ತೀನಿ,” ಎಂದಳು ಗುಬ್ಬಿ. “ಗೋಡೇಲಿರೋದೇ. ಈಗ್ಲೇ ತರ್ತೀನಿ.”

ಹೊರಗೆ ಓಡಿದರೆ ಚಿಕ್ಕಪ್ಪ ಫೋನ್ ಕಿವಿಗೊತ್ತಿ ನಗುತ್ತಿದ್ದ. ನಿನ್ನೆಯಿಂದ ಮೊದಲ ಸಲ ಅವನ ಮುಖ ಬಿಚ್ಚಿತ್ತು.

“ನೋಡಿದ್ಯಾ! ಕರೆದ! ಕನ್ನಡಕದೋನು ಕರೆದ! ಇವಳ ರೇಟಿಗಿಂತ್ಲೂ ಕಮ್ಮಿಗೆ ಬಂದ. ಎಸಿ ಗಾಡಿ, ಮನೇ ಹತ್ರಾನೂ ನಿಲ್ಲಿಸ್ತಾನೆ. ನಾ ಹೇಳಲಿಲ್ವಾ?”

“ಯಾವಾಗ?”

“ನಾಳೆ ಬೆಳಿಗ್ಗೆ.”

ಅವಳು ಅವನನ್ನೇ ನೋಡಿದಳು. ಅವನು ಅವಳನ್ನು ಬಿಟ್ಟು ಎಲ್ಲವನ್ನೂ ನೋಡಿದ.

“ಒಂದು ರಾತ್ರಿ ತಾನೇ. ಅವನಿಗೇನು ಗೊತ್ತಾಗುತ್ತೆ ಈಗ? ಅವನಿದ್ದಿದ್ರೂ ಇದೇ ಮಾಡ್ತಿದ್ದ. ಇಳಿದ ಬೆಲೆ ಬಿಡಬೇಡ ಅಂತಿದ್ದ.”

“ಐದು ಗಂಟೇದು ಇದೆ, ಇವತ್ತು. ಹಣ ಕೊಡಿ ಚಿಕ್ಕಪ್ಪ.”

“ಕಮ್ಮಿಗೆ ಕೇಳಿದ್ಯಾ?”

“ಇಲ್ಲ.”

“ಕೇಳ್ಲೇ ಇಲ್ವಾ! ಬಾಯಿ ಯಾಕೆ ಇಟ್ಟಿದ್ದಾನೆ ದೇವರು ನಿನಗೆ?”

ಅವಳ ಬಾಯಲ್ಲಿ ನೂರು ಮಾತಿದ್ದವು. ಬೆಳಿಗ್ಗೆ ಸುಮ್ಮನೆ ಹೂಂ ಎಂದಿದ್ದರೆ ಇಷ್ಟು ಹೊತ್ತಿಗೆ ದೊಡ್ಡಪ್ಪ ಮನೆಗೆ ಬಂದು ಹೋಗಿರುತ್ತಿದ್ದ ಎಂದು ಹೇಳಬೇಕಿತ್ತು. ವಾದಕ್ಕಿಳಿದರೆ ಚಿಕ್ಕಪ್ಪನೇ ಗೆಲ್ಲುತ್ತಾನೆ ಎಂಬುದೂ ಗೊತ್ತಿತ್ತು. ಮಾತು ಅವನ ಕಸುಬು. ಅವಳು ದೊಡ್ಡಮ್ಮನ ನಂಬರು ಒತ್ತಿ, ಫೋನನ್ನು ಅವನ ಮುಂದೆ ಹಿಡಿದಳು.

“ನಾಳೆ ಅಂತ ನೀವೇ ಹೇಳಿ ದೊಡ್ಡಮ್ಮಂಗೆ.”

“ಏ, ಇದೇನೇ ಇದು…”

“ನಾನು ಹೇಳಲ್ಲ. ಹೇಳೋಕಾಗಲ್ಲ ನನಗೆ. ನೀವು ಹೇಳಿ.” ದನಿ ಒಡೆದು ಗಟ್ಟಿಯಾಗಿ ಬಂತು, ಗೇಟಿನ ಬಳಿ ನಿಂತಿದ್ದವರು ತಿರುಗಿ ನೋಡಿದರು. ನೋಡಲಿ.

ಫೋನಿನೊಳಗಿಂದ “ಹಲೋ, ಹೊರಟ್ರಾ?” ಎಂಬ ಸದ್ದು ಬಂತು. ಚಿಕ್ಕಪ್ಪ ಫೋನ್ ತೆಗೆದುಕೊಂಡ. ಗಂಟಲು ಸರಿಮಾಡಿಕೊಂಡ. ಮತ್ತೊಮ್ಮೆ ಸರಿಮಾಡಿಕೊಂಡ.

“ಅತ್ತಿಗೆ… ನಾನು. ಹೂಂ. ಊಟ… ಇಲ್ಲ, ನೀವು?… ಹೂಂ. ಅದೇ, ವಿಷಯ ಏನಂದ್ರೆ…” ಆಚೆ ಕಡೆ ದೊಡ್ಡಮ್ಮ ಏನು ಹೇಳಿದಳೋ, ಅವನು ಬಹಳ ಹೊತ್ತು ಬರೀ ಕೇಳಿಸಿಕೊಂಡ. ಸ್ಕೂಟರಿನ ಸೀಟಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ. “ಇವತ್ತೇ ಅತ್ತಿಗೆ. ಐದಕ್ಕೆ. ಮನೆಗೆ ತರೋಕಾಗಲ್ಲ… ನೀವೇ ಇಲ್ಲಿಗೆ ಬರಬೇಕು, ಆಟೋ ಕಳಿಸ್ತೀನಿ. ತಪ್ಪಾಯ್ತು.”

ಸೊಂಟದ ಚೀಲವನ್ನೇ ಬಿಚ್ಚಿ ಅವಳ ಕೈಗೆ ತುರುಕಿದ. “ಹೋಗು. ನಾ ನೋಡಲ್ಲ ನೀ ಕೊಡೋದನ್ನ.” ಒಂದು ಕ್ಷಣ ಬಿಟ್ಟು, “ಒಪ್ಪಿಬಿಟ್ರೆ ಅಣ್ಣಂದು ಮುಗಿದೇ ಹೋಯ್ತಲ್ಲೇ,” ಎಂದ.

ಗುಬ್ಬಿಗೆ ಅವನ ಮೇಲೆ ಮರುಕ ಬರಬೇಕಿತ್ತು. ಬರಲಿಲ್ಲ, ಅಥವಾ ಬರಲು ಹೊತ್ತಿರಲಿಲ್ಲ. ಅವಳು ಓಡಿದಳು.

ದೊಡ್ಡಮ್ಮ ಆಟೋದಿಂದ ಇಳಿಯುವ ಹೊತ್ತಿಗೆ ವ್ಯಾನು ಬಂದು ನಿಂತಿತ್ತು. ಅದರ ಹಿಂಬಾಗಿಲು ತೆರೆದಿಟ್ಟು, “ಮನೆಯವರು ಬೇಗ ನೋಡ್ಕೊಳ್ಳಿ,” ಎಂದು ಕೆಲಸದವನು ಪಕ್ಕಕ್ಕೆ ಸರಿದ. ದೊಡ್ಡಮ್ಮ ನೋಡಿದಳು. ಮನೆಯಲ್ಲಾಗಿದ್ದರೆ ಪಕ್ಕದಲ್ಲಿ ಕೂರುತ್ತಿದ್ದಳೇನೋ; ಇಲ್ಲಿ ವ್ಯಾನಿನ ಮೆಟ್ಟಿಲು ಹತ್ತಲು ಅವಳ ಮಂಡಿ ಒಪ್ಪಲಿಲ್ಲ. ಕೈ ಚಾಚಿದರೆ ಪಾದ ಮಾತ್ರ ಸಿಕ್ಕಿತು. ಅದನ್ನೇ ಹಿಡಿದು ನಿಂತಳು.

“ಬೆಳಗಿಂದ ಏನ್ ಮಾಡ್ತಿದ್ರಿ ಇಬ್ರೂ?” ಎಂದು ಕೇಳಿದಳು, ತಿರುಗದೆ.

ಚಿಕ್ಕಪ್ಪ ಗುಬ್ಬಿಯ ಮುಖ ನೋಡಿದ. ಸುಳ್ಳು ಹೇಳೆಂದು ಬೇಡುವ ನೋಟ.

“ಚೌಕಾಸಿ ಮಾಡ್ತಿದ್ವಿ ದೊಡ್ಡಮ್ಮ,” ಎಂದಳು ಗುಬ್ಬಿ. “ಬೆಳಿಗ್ಗೆ ಸಿಕ್ಕಿತ್ತು. ಎದ್ದು ಬಂದ್ವಿ. ಕರೀತಾರೆ ಅಂತ ಕಾದ್ವಿ.”

ದೊಡ್ಡಮ್ಮ ಹೆಬ್ಬೆರಳಿನಿಂದ ಆ ಪಾದದ ಗಂಟನ್ನು ಉಜ್ಜುತ್ತಿದ್ದಳು.

“ಮದುವೆ ದಿನ ಗಾಡಿಯೋನ ಹತ್ರ ಹಿಂಗೇ ಎದ್ದು ಬಂದ್ರು ಇವರು,” ಎಂದಳು. “ಕರೀತಾನೆ ತಡಿ, ಕರೀತಾನೆ ತಡಿ ಅಂತ ಆ ಹೊಸ ಸೀರೇಲಿ ನನ್ನನ್ನ ಮನೇವರೆಗೂ ನಡೆಸಿಬಿಟ್ರು. ಯಾರೂ ಕರೀಲಿಲ್ಲ. ನಿಮಗೆ ಯಾವತ್ತಾದ್ರೂ ಹೇಳಿದ್ರಾ ಅದನ್ನ?”

“ಇಲ್ಲ ಅತ್ತಿಗೆ,” ಎಂದ ಚಿಕ್ಕಪ್ಪ.

“ಹೇಳಲ್ಲ. ಗೆದ್ದದ್ದು ಮಾತ್ರ ಹೇಳ್ತಿದ್ರು.”

ಒಳಗಿನಿಂದ “ಐದು ಗಂಟೆಯವರು ಬನ್ನಿ” ಎಂದು ಕೂಗಿದರು. ದೊಡ್ಡಮ್ಮ ಪಾದ ಬಿಟ್ಟು ಗುಬ್ಬಿಯ ತೋಳು ಹಿಡಿದಳು. ಅವಳ ಇಡೀ ಭಾರ ಆ ತೋಳಿಗೆ ಬಂತು. ಚಿಕ್ಕಪ್ಪ ಇನ್ನೊಂದು ಪಕ್ಕಕ್ಕೆ ಬಂದು ಹೆಗಲು ಕೊಡಲು ನೋಡಿದ, ಗುಬ್ಬಿ ಜಾಗ ಬಿಡಲಿಲ್ಲ. ಆಮೇಲೆ ಇಳಿಜಾರು ಏರುವಾಗ ಒಬ್ಬಳಿಂದ ಆಗದೆ, ಅವನಿಗೆ ಜಾಗ ಬಿಟ್ಟಳು.